ಫ್ಲಿಂಟ್‌ಲಾಕ್ ಅಸಲಿಯೇ? ಮೊದಲು ಟಚ್‌ಹೋಲ್ ನೋಡಿ

ಫ್ಲಿಂಟ್‌ಲಾಕ್ ಎಂದರೆ ಚಕಮಕಿ ಕಲ್ಲಿನ ಕಿಡಿಯಿಂದ ಮದ್ದು ಹೊತ್ತಿಸುವ ಹಳೆಯ ಬಂದೂಕು. 19ನೇ ಶತಮಾನದ ಆರಂಭದ ಪಿಸ್ತೂಲು ತಯಾರಕ ಸಿಮಿಯನ್ ನಾರ್ತ್ ಕಾಲದ ಅಮೆರಿಕನ್ ಫ್ಲಿಂಟ್‌ಲಾಕ್ ಪಿಸ್ತೂಲು ಕೊಳ್ಳುವ ಮುನ್ನ, ಕೆತ್ತಿದ ಹೆಸರಿಗೆ ಮರುಳಾಗದೆ ಟಚ್‌ಹೋಲ್, ಅಂದರೆ ನಳಿಗೆಯೊಳಗಿನ ಮದ್ದಿಗೆ ಬೆಂಕಿ ತಲುಪಿಸುವ ಸಣ್ಣ ತೂತನ್ನು ನೋಡಿ. ಟಾರ್ಚನ್ನು ಓರೆಯಾಗಿ ಹಿಡಿದು, 10 ಪಟ್ಟಿನ ಲೂಪ್‌ನಲ್ಲಿ (ಸಣ್ಣ ಭೂತಗನ್ನಡಿ) ತೂತಿನ ಸುತ್ತ ಕೂದಲೆಳೆಯಷ್ಟು ತೆಳುವಾದ ಉಂಗುರದ ಗೆರೆ ಹುಡುಕಿ. ಕಲ್ಲಿನ ಬದಲು ಕೇಪು (ಬಡಿದರೆ ಹೊತ್ತುವ ಮದ್ದಿನ ಪುಟ್ಟ ಟೋಪಿ) ಬಳಕೆಗೆ ಬಂದಾಗ ಎಷ್ಟೋ ಪಿಸ್ತೂಲುಗಳ ಈ ತೂತನ್ನು ಅಗಲಿಸಿ, ಥ್ರೆಡ್ ಹಾಕಿ, ನಿಪ್ಪಲ್ (ಕೇಪು ಕೂರುವ ಕೊಳವೆ) ಇರುವ ಡ್ರಮ್ ಎಂಬ ಉರುಳೆಯಾಕಾರದ ತುಂಡನ್ನು ಕೂರಿಸಿದರು. ಮುಂದೆ ಬೆಲೆಯಾಸೆಗೆ ಫ್ಲಿಂಟ್‌ಗೆ ಮರಳಿಸುವವರು ಆ ದೊಡ್ಡ ತೂತಿಗೆ ಬುಶ್ (ಲೋಹದ ಬಿರಡೆ) ಹಾಕಿ ಮತ್ತೆ ಸಣ್ಣದಾಗಿ ಕೊರೆಯುತ್ತಾರೆ. ಎಷ್ಟು ಉಜ್ಜಿದರೂ ಬುಶ್ಶಿನ ಅಂಚು ಸಾಮಾನ್ಯವಾಗಿ ಉಳಿಯುತ್ತದೆ. ಲಾಕ್ (ಕಿಡಿ ಹೊಮ್ಮಿಸುವ ಯಂತ್ರಭಾಗ) ಬಿಚ್ಚಿ ಅದರ ಪ್ಲೇಟಿನ ಒಳಮೈಯನ್ನೂ ನೋಡಿ: ಫ್ರಿಜನ್ (ಕಲ್ಲು ಬಡಿದಾಗ ಕಿಡಿ ಕೊಡುವ ಉಕ್ಕಿನ ತುಂಡು) ಮತ್ತು ಅದರ ಸ್ಪ್ರಿಂಗಿನ ಸ್ಕ್ರೂ ತೂತುಗಳನ್ನು ಮುಚ್ಚಿ ಮತ್ತೆ ಕೊರೆದ ಗುರುತು ಅಲ್ಲಿ ಸಿಗಬಹುದು. ಆಯಾ ಸ್ಕ್ರೂ ಆಯಾ ತೂತಿಗೇ, ಅದಲುಬದಲಾದರೆ ಥ್ರೆಡ್ ಕೆಡುತ್ತದೆ. ಉಂಗುರ ಚಿನ್ನ ಅಥವಾ ಪ್ಲಾಟಿನಂನದಾದರೆ ಈ ಪರೀಕ್ಷೆ ಕೆಲಸಕ್ಕೆ ಬಾರದು. ದುಬಾರಿ ಪಿಸ್ತೂಲುಗಳಿಗೆ ಅದನ್ನು ಮೊದಲೇ ಹಾಕುತ್ತಿದ್ದರು. ವೆಲ್ಡ್ ಮಾಡಿ ಮುಚ್ಚಿದ್ದರೆ ಗೆರೆಯೇ ಕಾಣದು. ಟಚ್‌ಹೋಲ್ ಬದಲು ನಳಿಗೆಯ ಮೇಲ್ಭಾಗದಲ್ಲಿ ನಿಪ್ಪಲ್ ಕೂರಿಸಿದ ಸೈನಿಕ ಪಿಸ್ತೂಲುಗಳೂ ಇವೆ, ಬ್ರೀಚಿನ (ನಳಿಗೆಯ ಹಿಂತುದಿ) ಮೇಲೆ ಮುಚ್ಚಿದ ಗುರುತನ್ನೂ ಹುಡುಕಿ. ಇದೆಲ್ಲಕ್ಕೂ ಮುಂಚೆ ಮೂತಿಯಿಂದ ಮರದ ಕಡ್ಡಿ ಇಳಿಸಿ. ಅದು ಟಚ್‌ಹೋಲಿನವರೆಗೆ ಹೋಗದಿದ್ದರೆ ಒಳಗೆ ಮದ್ದು ಗುಂಡು ಇರಬಹುದು.