ಹಡಗಿನಿಂದಿಳಿದು ಆದಿಲ್‌ಶಾಹಿ ಬಾಗಿಲಿಗೆ

"ಗೋವಾಕ್ಕ ಹಡಗದಾಗ? ರಾತ್ರಿ ಬಸ್ ಹತ್ತಿದ್ರ ಮುಂಜಾನಿ ಪಣಜ್ಯಾಗ ಇಳೀತೀರಲ್ರಿ!" ಎಂದು ನಮ್ಮ ಓಣಿಯ ಕಿರಾಣಿ ಅಂಗಡಿಯವರು ನಕ್ಕಿದ್ದರು. ಅವರು ಹೇಳಿದ್ದು ಸುಳ್ಳಲ್ಲ. ವಿಜಯಪುರದಿಂದ ಸೊಲ್ಲಾಪುರ, ಅಲ್ಲಿಂದ ರೈಲಿಗೆ ಮುಂಬೈ, ಮುಂಬೈಯಿಂದ ಹಡಗಿನಲ್ಲಿ ಮತ್ತೆ ಕೆಳಗೆ ಗೋವಾ. ಕೊಂಕಣ ಸುತ್ತಿ ಮೈಲಾರಕ್ಕೆ ಬಂದರು ಅನ್ನುವ ಗಾದೆಯನ್ನು ಇಷ್ಟು ಅಕ್ಷರಶಃ ಪಾಲಿಸಿದವರು ನಾವೇ ಇರಬೇಕು. ಆದರೆ ಮಕ್ಕಳಿಗೆ ಆಲಮಟ್ಟಿ ಹಿನ್ನೀರು ತೋರಿಸಿ "ಇದ ಸಮುದ್ರ ಅಂತ ತಿಳ್ಕೊರಿ" ಅಂದವರಿಗೆ ನಿವೃತ್ತಿಯ ಮೇಲಾದರೂ ಒಮ್ಮೆ ಹಡಗು ಹತ್ತುವ ಆಸೆ ಇರುವುದಿಲ್ಲವೇ? ನಾನು, ನನ್ನಾಕೆ, ಅವಳ ತಮ್ಮ, ಅವನ ಹೆಂಡತಿ, ನಾಲ್ಕು ಜನ ಜನವರಿಯಲ್ಲಿ ಹೊರಟೆವು.

ಮುಂಬೈ ಬಂದರಿನ ತಪಾಸಣೆಯಲ್ಲೇ ಮೊದಲ ಪೆಟ್ಟು. ಮನೆಯಿಂದ ತಂದ ತಿನಿಸು ಒಳಗೆ ಬಿಡುವುದಿಲ್ಲವಂತೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಅಲ್ಲೇ ಉಳಿಯಿತು. ಹಡಗಿನೊಳಗೆ ಹೊತ್ತುಹೊತ್ತಿಗೆ ಹದಿನೆಂಟು ಬಗೆಯ ಊಟ ಇತ್ತು, ನಿಜ. ಆದರೂ ನನ್ನಾಕೆ ಎರಡು ದಿನ ಆ ಗಂಟಿನ ಹೆಸರು ಹೇಳಿಕೊಂಡೇ ಊಟ ಮಾಡಿದಳು.

ಗೋವಾದಲ್ಲಿ ಹಡಗು ನಿಲ್ಲುವುದು ಮರ್ಮಗೋವಾ ಬಂದರಿನಲ್ಲಿ, ವಾಸ್ಕೋ ಊರಿನ ಪಕ್ಕ. ಅಲ್ಲಿಂದ ಪಣಜಿ, ಹಳೆಗೋವಾ ಎರಡೂ ಮೂವತ್ತು ಕಿಲೋಮೀಟರಿನ ಆಸುಪಾಸು. ಹಿಂದಿನ ರಾತ್ರಿ ಕೋಣೆಯ ಬಾಗಿಲಿಗೆ ಒಂದು ಹಾಳೆ ಸಿಕ್ಕಿಸಿದ್ದರು: ಹಡಗಿನವರದೇ ಬಸ್ಸಿನಲ್ಲಿ ಬೀಚ್, ಮಾರ್ಕೆಟ್, ಎರಡು ಚರ್ಚು, ಊಟ, ತಲೆಗೆ ಇಷ್ಟು ದುಡ್ಡು. ಅಳಿಯ, ಅಂದರೆ ನನ್ನಾಕೆಯ ತಮ್ಮ, ತಕ್ಷಣ ಹೆಸರು ಬರೆಸಿದ. ನಾನು ಒಲ್ಲೆ ಅಂದೆ. ಬೀಚನ್ನು ಹಡಗಿನಿಂದಲೇ ನೋಡುತ್ತಿದ್ದೇವಲ್ಲ! ನನಗೆ ಬೇಕಿದ್ದದ್ದು ಒಂದೇ ಒಂದು, ಹಳೆಗೋವಾದಲ್ಲಿ ಉಳಿದಿರುವ ಆದಿಲ್‌ಶಾಹಿ ಅರಮನೆಯ ಬಾಗಿಲು.

ಗೋಳಗುಮ್ಮಟದ ನೆರಳಿನಲ್ಲಿ ಬೆಳೆದವರಿಗೆ ಇದು ಬೇರೆಯವರ ಕಥೆಯಲ್ಲ. ಗೋವಾ ನಮ್ಮ ಊರಿನ ಯೂಸುಫ್ ಆದಿಲ್ ಶಾಹನ ಕೈಯಲ್ಲಿತ್ತು. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಅದನ್ನು ಹಿಡಿದ, ಕೆಲವೇ ತಿಂಗಳಲ್ಲಿ ಆದಿಲ್‌ಶಾಹಿ ಸೈನ್ಯ ಮರಳಿ ಪಡೆಯಿತು, ನವೆಂಬರ್ 25ರಂದು ಅಲ್ಬುಕರ್ಕ್ ಮತ್ತೆ ಬಂದು ಕಿತ್ತುಕೊಂಡ. ಆಮೇಲೆ ನಾಲ್ಕೂವರೆ ಶತಮಾನ, 1961ರವರೆಗೆ, ಅದು ಅವರದೇ.

ಲೆಕ್ಕ ಹೀಗೆ ಹಾಕಿದ್ದೆ. ಎಂಟಕ್ಕೆ ಹಡಗು ಕಟ್ಟುತ್ತದೆ, ಇಳಿಯುವಷ್ಟರಲ್ಲಿ ಒಂಬತ್ತೂವರೆ. ಐದಕ್ಕೆ ಹೊರಡುತ್ತದೆ. ಇಲ್ಲೇ ಎಡವಿದ್ದು. ಐದು ಅಂದರೆ ಹಗ್ಗ ಬಿಚ್ಚುವ ಹೊತ್ತು. ನಾವು ಒಳಗಿರಬೇಕಾದ ಹೊತ್ತು ನಾಲ್ಕು. ಹಾಳೆಯ ಕೆಳಗೆ ಸಣ್ಣಕ್ಷರದಲ್ಲಿದ್ದದ್ದನ್ನು ನಾನು ಓದಿಯೇ ಇರಲಿಲ್ಲ. ಏಣಿ ಇಳಿಯುವಾಗ ಕಾರ್ಡ್ ಒತ್ತಿಸಿಕೊಂಡ ಹುಡುಗಿ "ನಾಲ್ಕಕ್ಕೆ ಮುಂಚೆ" ಅಂದಾಗ ಎದೆ ಧಸಕ್ಕೆಂದಿತು.

ಬಂದರಿನ ಗೇಟಿನ ಹೊರಗೆ ಟ್ಯಾಕ್ಸಿಯವರು ಸುತ್ತುವರಿದರು. ನಾಲ್ಕು ಸಾವಿರದಿಂದ ಶುರುವಾಗಿ ಎರಡು ಸಾವಿರದ ಎಂಟುನೂರಕ್ಕೆ ಇಳಿಯಿತು. ಹೋಗಿ ಬರುವುದು, ಅಲ್ಲಿ ಕಾಯುವುದು ಎಲ್ಲಾ ಸೇರಿ ಎಂದು ಎರಡು ಸಲ ಹೇಳಿಸಿಕೊಂಡೆ. ದುಡ್ಡು ವಾಪಸ್ ಬಂದ ಮೇಲೇ. ಈ ಕರಾರು ಬಹಳ ಮುಖ್ಯ, ಇಲ್ಲದಿದ್ದರೆ ಹಳೆಗೋವಾದಲ್ಲಿ ಬಿಟ್ಟು ಬೇರೆ ಬಾಡಿಗೆಗೆ ಹೋದರೆ ಯಾರನ್ನು ಕೇಳುತ್ತೀರಿ? ಚಾಲಕ ಬೆಳಗಾವಿಯ ಕಡೆಯವ. ನನ್ನಾಕೆಯ ಇಳಕಲ್ ಸೀರೆ ನೋಡಿದವನೇ "ಯಾವೂರ್ರಿ ಅಕ್ಕಾರ" ಅಂದ. ಮೊದಲೇ ಮಾತಾಡಿದ್ದರೆ ಇನ್ನೂ ಮುನ್ನೂರು ಇಳಿಯುತ್ತಿತ್ತೇನೋ!

ಜುವಾರಿ ಹೊಳೆಯ ಹೊಸ ತೂಗು ಸೇತುವೆ ದಾಟಿ ಹನ್ನೊಂದರ ಹೊತ್ತಿಗೆ ಹಳೆಗೋವಾ. ಬಾಂ ಜೀಸಸ್ ಬೆಸಿಲಿಕಾದಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ದೇಹವಿರುವ ಬೆಳ್ಳಿ ಪೆಟ್ಟಿಗೆಯ ಎದುರು ಉದ್ದ ಸಾಲು. ಅರ್ಧ ಚಡ್ಡಿ ಹಾಕಿ ಬಂದವರನ್ನು ಬಾಗಿಲಲ್ಲೇ ತಡೆಯುತ್ತಿದ್ದರು. ಎದುರಿಗೆ ಸೇ ಕೆಥೆಡ್ರಲ್. ಎರಡು ಗೋಪುರಗಳಲ್ಲಿ ಒಂದು 1776ರಲ್ಲಿ ಬಿದ್ದು ಹೋಗಿ ಮುಖ ಒಂದು ಕಡೆ ವಾಲಿದಂತೆ ಕಾಣುತ್ತದೆ. ಅದು ಸಂತ ಕ್ಯಾಥರೀನಳ ಹೆಸರಿನದು. ಗೋವಾ ಬಿದ್ದದ್ದು ಅವಳ ಹಬ್ಬದ ದಿನ, ಅದಕ್ಕೆ. ಗೆದ್ದವರ ಗುಡಿಯಲ್ಲಿ ಸೋತವರ ಊರಿನ ನಾವಿಬ್ಬರೂ ಸುಮ್ಮನೆ ಕೈಮುಗಿದು ಬಂದೆವು.

ಬಾಗಿಲು ಇರುವುದು ಸೇಂಟ್ ಕೆಜೆಟನ್ ಚರ್ಚಿನ ಹತ್ತಿರ. ಕಮಾನಿಲ್ಲ, ಗೋಡೆಯಿಲ್ಲ, ಮಾಡಿಲ್ಲ. ಆರು ಮೆಟ್ಟಿಲು, ಮೇಲೊಂದು ಕಟ್ಟೆ, ಅದರ ಮೇಲೆ ಬಾಗಿಲ ಚೌಕಟ್ಟು, ಅಷ್ಟೇ. ಸುತ್ತಲೂ ಕೆಂಪು ಜಂಬಿಟ್ಟಿಗೆಯ ಊರಿನಲ್ಲಿ ಇದು ಕರಿಕಲ್ಲು. ನಮ್ಮ ಇಬ್ರಾಹಿಂ ರೋಜಾದ ಕೆತ್ತನೆ ಕಣ್ಣಲ್ಲಿಟ್ಟುಕೊಂಡು ಹೋಗಿದ್ದೆ, ಇಲ್ಲಿರುವುದು ಬೇರೆಯೇ. ಅಡ್ಡತೊಲೆ, ಪಟ್ಟಿಪಟ್ಟಿಯಾಗಿ ಕಡೆದ ನಿಲುವುಗಳು, ಹಳೆಯ ಗುಡಿಯ ಬಾಗಿಲವಾಡದ ಹಾಗೆ. ಬದಿಗೆ ಜಾಲಂದ್ರದ ಮುರಿದ ಅಂಚು ಉಳಿದಿದೆ, ಒಳಗೆ ಬೆರಳು ಹಾಕಿದರೆ ಪಾಚಿ. ಮೇಲಿನ ಮೆಟ್ಟಿಲಲ್ಲಿ ಒಂದು ನಾಯಿ ಮಲಗಿತ್ತು, ಎದ್ದೇಳುವ ತೊಂದರೆ ತೆಗೆದುಕೊಳ್ಳಲಿಲ್ಲ. ಅರಮನೆಯಲ್ಲಿ ಮೊದಲು ಪೋರ್ಚುಗೀಸ್ ಗವರ್ನರರು ಇದ್ದರು, ಆಮೇಲೆ ಇನ್‌ಕ್ವಿಸಿಷನ್‌ನ, ಅಂದರೆ ಧರ್ಮದ್ರೋಹದ ಆರೋಪ ಹೊತ್ತವರನ್ನು ಶಿಕ್ಷಿಸುತ್ತಿದ್ದ ಚರ್ಚಿನ ನ್ಯಾಯಾಲಯದ, ವಿಚಾರಣೆಯ ಮನೆಯಾಯಿತು, ಕೊನೆಗೆ ಕೆಡವಿಹಾಕಿದರು.

ಅರ್ಧ ಗಂಟೆ ಕೂತೆವು. ಚರ್ಚುಗಳ ಎದುರು ಅಷ್ಟು ಜನ, ಇಲ್ಲಿ ಒಬ್ಬರೂ ಬರಲಿಲ್ಲ. ನನ್ನಾಕೆ ಚೌಕಟ್ಟಿನ ನಡುವೆ ನಿಂತು ಮೆಲ್ಲಗೆ "ಹೋ" ಎಂದಳು. ಗೋಳಗುಮ್ಮಟದ ಊರಿನವರ ಚಟ ಅದು, ಎಲ್ಲಿ ಹೋದರೂ ಬಿಡುವುದಿಲ್ಲ. ನಾಯಿ ಒಂದು ಕಿವಿ ಎತ್ತಿ ಮತ್ತೆ ಇಳಿಸಿತು.

ಪಣಜಿಯ ಹಳೆಯ ಸೆಕ್ರೆಟರಿಯೇಟನ್ನು ಕಾರಿನಿಂದಲೇ ನೋಡಿದ್ದು. ಅದೂ ಯೂಸುಫನ ಕಾಲದ ಅರಮನೆಯೇ. ಆದಿಲ್ ಖಾನ್ ಎಂಬ ಹೆಸರು ಪೋರ್ಚುಗೀಸರ ಬಾಯಲ್ಲಿ ಇದಲ್ಕಾಂವ್ ಆಗಿ, ಕಟ್ಟಡಕ್ಕೂ ಅದೇ ಹೆಸರಾಯಿತು. ಇಳಿಯೋಣವೆಂದರೆ ಗಂಟೆ ಎರಡಾಗಿತ್ತು, ಮೀನಿನೂಟಕ್ಕೆ ಕೂತು ಅರ್ಧ ತಾಸು ಕಳೆದಿದ್ದೆ. ಅದು ನನ್ನದೇ ತಪ್ಪು. ಹಡಗಿನಿಂದ ದಂಡೆಗೆ ಇಳಿದ ದಿನ ಊಟಕ್ಕೆ ಕೂರಬಾರದು, ಹಡಗಿನಲ್ಲಿ ಹೇಗೂ ಊಟ ಕಾಯುತ್ತಿರುತ್ತದೆ.

ವಾಸ್ಕೋ ಊರೊಳಗೆ ಲಾರಿಗಳ ಸಾಲಿನಲ್ಲಿ ಸಿಕ್ಕಿಬಿದ್ದೆವು. ಮೂರೂ ನಲವತ್ತು. ಮೂರೂ ನಲವತ್ತೈದು. ಚಾಲಕ "ಕಾಕಾರ, ಚಿಂತಿ ಮಾಡಬ್ಯಾಡ್ರಿ" ಅನ್ನುತ್ತಲೇ ಯಾವುದೋ ಓಣಿಗೆ ತಿರುಗಿಸಿದ. ಗೇಟಿನಲ್ಲಿ ಆಧಾರ್ ಕಾರ್ಡಿಗಾಗಿ ಬ್ಯಾಗ್ ತಡಕಾಡಿ, ಚಪ್ಪಲಿ ಕೈಯಲ್ಲಿ ಹಿಡಿದ ನನ್ನಾಕೆಯ ಜೊತೆ ಓಡಿ, ಏಣಿ ಹತ್ತಿದಾಗ ನಾಲ್ಕಕ್ಕೆ ಆರು ನಿಮಿಷ. ನನ್ನ ಕಾಲು ನಡುಗುತ್ತಿತ್ತು.

ಮೇಲಿನ ಡೆಕ್ಕಿಗೆ ಹೋಗಿ ಅಳಿಯನನ್ನು ಹುಡುಕಿದರೆ ಎಲ್ಲೂ ಇಲ್ಲ. ನಾಲ್ಕಾಯಿತು, ನಾಲ್ಕೂ ಹತ್ತಾಯಿತು. ಏಣಿ ಎಳೆಯಲಿಲ್ಲ. ವಿಚಾರಿಸಿದರೆ, "ನಮ್ಮದೇ ಬಸ್ಸು ಬರಬೇಕಲ್ಲ ಸರ್, ಅದು ಬಾರದೆ ಹಡಗು ಹೊರಡಲ್ಲ" ಅಂದರು. ನಾಲ್ಕೂವರೆಗೆ ಬಸ್ಸು ಬಂದು ನಿಂತಿತು. ಕಟಕಟೆಗೆ ಆನಿಕೊಂಡು ನೋಡುತ್ತಿದ್ದೆ. ನಮ್ಮ ಅಳಿಯ ಎಲ್ಲರಿಗಿಂತ ಕೊನೆಗೆ ಇಳಿದ, ಕೈಯಲ್ಲಿ ಎಳನೀರು, ಸ್ಟ್ರಾ ಇನ್ನೂ ಬಾಯಲ್ಲೇ.