ಎರಡು ದಿನಕ್ಕೋ, ಐದು ವರ್ಷಕ್ಕೋ? ಕ್ರಿಪ್ಟೊ ಕೊಳ್ಳುವ ಮೊದಲೇ ಬರೆದಿಡಿ

ಗೆಳೆಯನೊಬ್ಬ ಒಂದು ಸಣ್ಣ ಕಾಯಿನ್ ಕೊಂಡ. ಎರಡು ದಿನದಲ್ಲಿ ಮಾರಿ ಹೊರಗೆ ಬರುತ್ತೇನೆ ಎಂದಿದ್ದ. ಮೂರನೇ ದಿನ ಬೆಲೆ ಶೇ 15ರಷ್ಟು ಇಳಿಯಿತು. 'ಇರಲಿ ಬಿಡು, ಇದನ್ನ ಲಾಂಗ್ ಟರ್ಮ್‌ಗೆ ಇಟ್ಕೋತೀನಿ' ಅಂದ. ಮುಂದೆ ಅರ್ಧಕ್ಕೆ ಇಳಿದಾಗಲೂ ಅದೇ ಮಾತು. ಕೊನೆಗೆ ಎಕ್ಸ್‌ಚೇಂಜ್ (ಕ್ರಿಪ್ಟೊ ಕೊಂಡು ಮಾರುವ ಆನ್‌ಲೈನ್ ತಾಣ) ಆ ಕಾಯಿನ್ ಅನ್ನು ಪಟ್ಟಿಯಿಂದಲೇ ತೆಗೆದುಹಾಕಿತು.

ಕ್ರಿಪ್ಟೊದಲ್ಲಿ ಕೈ ಸುಟ್ಟುಕೊಂಡವರನ್ನು ಕೇಳಿ ನೋಡಿ, ಬಹಳ ಜನ ಹೇಳುವುದು ಇದೇ ಕಥೆ. ಟ್ರೇಡಿಂಗ್ (ಬೇಗ ಕೊಂಡು ಬೇಗ ಮಾರುವುದು) ಒಳ್ಳೆಯದಾ, ಹೋಲ್ಡಿಂಗ್ (ವರ್ಷಗಟ್ಟಲೆ ಇಟ್ಟುಕೊಳ್ಳುವುದು) ಒಳ್ಳೆಯದಾ ಅನ್ನುವ ಜಗಳ ಆಮೇಲೆ ಇರಲಿ. ಒಂದನ್ನು ಶುರು ಮಾಡಿ ಇನ್ನೊಂದರಲ್ಲಿ ಸಿಕ್ಕಿಕೊಳ್ಳುವುದರಿಂದಲೇ ಜಾಸ್ತಿ ಹಣ ಹೋಗುವುದು. ಹಾಗಾಗದಂತೆ ಎರಡನ್ನೂ ಹೇಗೆ ಮಾಡಬೇಕು, ಒಂದೊಂದಾಗಿ ನೋಡೋಣ.

ಹಂತ 1: ಹಣ ಬೇರೆ ಮಾಡಿ

ಸಾಲದ ಹಣ ಬೇಡ, ಕಷ್ಟಕಾಲಕ್ಕೆ ಇಟ್ಟ ಹಣ ಬೇಡ. ಉಳಿದದ್ದರಲ್ಲಿ ಟ್ರೇಡಿಂಗ್‌ಗೆ ಒಂದು ಗಂಟು, ಹೋಲ್ಡಿಂಗ್‌ಗೆ ಒಂದು ಗಂಟು. ಎರಡೂ ಒಂದೇ ಖಾತೆಯಲ್ಲಿ ಇರಬಾರದು. ನನ್ನನ್ನು ಕೇಳಿದರೆ ಟ್ರೇಡಿಂಗ್ ಗಂಟು ಹತ್ತರಲ್ಲಿ ಒಂದು ಪಾಲು ದಾಟಬಾರದು.

ಹಂತ 2: ಯಾವುದನ್ನು ಇಟ್ಟುಕೊಳ್ಳಬಹುದು?

ವರ್ಷಗಟ್ಟಲೆ ಇಡುವುದಾದರೆ ಬಿಟ್‌ಕಾಯಿನ್, ಹೆಚ್ಚೆಂದರೆ ಅದರ ಜೊತೆ ಈಥರ್ (ಎಥೀರಿಯಂ ಜಾಲದ ಕಾಯಿನ್). ಬೇರೆ ಯಾವುದನ್ನೂ ನಾನು ಒಪ್ಪುವುದಿಲ್ಲ. ಬಿಟ್‌ಕಾಯಿನ್ 2009ರಿಂದ ನಡೆಯುತ್ತಿದೆ. ಒಟ್ಟು 2.1 ಕೋಟಿಗಿಂತ ಜಾಸ್ತಿ ಬರುವುದಿಲ್ಲ. ಹೊಸದಾಗಿ ಹುಟ್ಟುವ ಪ್ರಮಾಣ ಹೆಚ್ಚುಕಡಿಮೆ ನಾಲ್ಕು ವರ್ಷಕ್ಕೊಮ್ಮೆ ಅರ್ಧವಾಗುತ್ತದೆ. 2024ರ ಏಪ್ರಿಲ್‌ನಲ್ಲಿ ನಾಲ್ಕನೇ ಸಲ ಹಾಗಾಯಿತು.

ಇಷ್ಟೆಲ್ಲ ಇದ್ದರೂ ಬೆಲೆ ಹೇಗೆ ಬಿದ್ದಿದೆ ನೋಡಿ. 2017ರ ಡಿಸೆಂಬರ್‌ನಲ್ಲಿ 20,000 ಡಾಲರ್ ಹತ್ತಿರ ಇದ್ದದ್ದು ಒಂದೇ ವರ್ಷದಲ್ಲಿ 3,200ರ ಆಸುಪಾಸಿಗೆ ಬಂತು. 2021ರ ನವೆಂಬರ್‌ನಲ್ಲಿ 69,000 ಮುಟ್ಟಿದ್ದು ಮುಂದಿನ ನವೆಂಬರ್‌ನಲ್ಲಿ 16,000ಕ್ಕಿಂತ ಕೆಳಗೆ ಹೋಯಿತು. ಮುಕ್ಕಾಲು ಪಾಲಿಗಿಂತ ಜಾಸ್ತಿ ಕರಗಿದಾಗಲೂ ಮಾರದೆ ಕೂರುವುದಕ್ಕೆ ಹೋಲ್ಡಿಂಗ್ ಎನ್ನುತ್ತಾರೆ. ಅದು ಆಗಲ್ಲ ಅನಿಸಿದರೆ ಕಡಿಮೆ ಕೊಳ್ಳಿ. ಮುಕ್ಕಾಲು ಕಳೆದುಕೊಂಡ ಕಾಯಿನ್ ಹಳೆಯ ಬೆಲೆಗೆ ಬರಬೇಕಾದರೆ ಇಳಿದ ಬೆಲೆಯ ನಾಲ್ಕು ಪಟ್ಟಾಗಬೇಕು. ಬಿಟ್‌ಕಾಯಿನ್ ಏರಿತು ಎಂದು ಎಲ್ಲವೂ ಏರುವುದಿಲ್ಲ. 2022ರ ಏಪ್ರಿಲ್‌ನಲ್ಲಿ 100 ಡಾಲರ್ ದಾಟಿದ್ದ ಲೂನಾ ಎಂಬ ಕಾಯಿನ್ ಮೇ ತಿಂಗಳ ಕೆಲವೇ ದಿನಗಳಲ್ಲಿ ಒಂದು ಸೆಂಟ್‌ಗಿಂತ ಕೆಳಗಿಳಿಯಿತು. ಅದನ್ನು ನಂಬಿ ಇಟ್ಟುಕೊಂಡವರಿಗೆ ತಾಳ್ಮೆಯಿಂದ ಏನೂ ಸಿಗಲಿಲ್ಲ.

ಹಂತ 3: ಹೋಲ್ಡಿಂಗ್ ಗಂಟಿಗೆ ಕೊಳ್ಳುವುದು

ತಿಂಗಳಿಗೆ ಒಂದು ತಾರೀಖು, ಒಂದೇ ಮೊತ್ತ. ಬೆಲೆ ನೋಡಬೇಡಿ, ಅಷ್ಟೇ.

ಹಂತ 4: ಟ್ರೇಡ್‌ನ ಚೀಟಿ

ಎಲ್ಲರೂ ಎಡವುವುದು ಇಲ್ಲೇ. ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕೊಳ್ಳುವ ಬಟನ್ ಒತ್ತುವ ಮೊದಲು ಒಂದು ಕಾಗದದ ಮೇಲೆ ನಾಲ್ಕು ಸಾಲು ಬರೆಯಿರಿ. ಯಾಕೆ ಕೊಳ್ಳುತ್ತಿದ್ದೇನೆ, ಬೆಲೆ ಎಲ್ಲಿಗೆ ಏರಿದರೆ ಮಾರುತ್ತೇನೆ, ಎಲ್ಲಿಗೆ ಇಳಿದರೆ ಮಾರುತ್ತೇನೆ, ಎರಡೂ ಆಗದಿದ್ದರೆ ಯಾವ ದಿನ ಮಾರುತ್ತೇನೆ. ನಾಲ್ಕನೇ ಸಾಲನ್ನು ಯಾರೂ ಬರೆಯುವುದಿಲ್ಲ. ಬೆಲೆ ಏರದೆ, ಇಳಿಯದೆ ವಾರಗಟ್ಟಲೆ ಅಲ್ಲೇ ಒದ್ದಾಡುತ್ತಿದ್ದರೆ ಟ್ರೇಡ್ ಸದ್ದಿಲ್ಲದೆ ಹೋಲ್ಡಿಂಗ್ ಆಗಿಬಿಡುತ್ತದೆ. ಆದ್ದರಿಂದ ತಾರೀಖು ಇರಲೇಬೇಕು.

ಈಗ ಎಷ್ಟು ಕೊಳ್ಳಬೇಕು ಅನ್ನುವ ಲೆಕ್ಕ. ಜನ ಇದನ್ನು ತಲೆಕೆಳಗಾಗಿ ಮಾಡುತ್ತಾರೆ, ಮೊದಲು ಮೊತ್ತ ಹಾಕಿ ನಂತರ ನಷ್ಟದ ಬಗ್ಗೆ ಯೋಚಿಸುತ್ತಾರೆ. ನೀವು ನಷ್ಟದಿಂದ ಶುರು ಮಾಡಿ. ಟ್ರೇಡಿಂಗ್ ಗಂಟು 1,000 ಡಾಲರ್ ಎಂದುಕೊಳ್ಳಿ. ಒಂದು ಟ್ರೇಡ್‌ನಲ್ಲಿ ಶೇ 1, ಅಂದರೆ 10 ಡಾಲರ್‌ಗಿಂತ ಜಾಸ್ತಿ ಕಳೆದುಕೊಳ್ಳಬಾರದು. ಚಾರ್ಟ್ ನೋಡಿ, ಕೊಂಡ ಬೆಲೆಗಿಂತ ಶೇ 5 ಕೆಳಗೆ ಹೋದರೆ ನನ್ನ ಊಹೆ ತಪ್ಪು ಎಂದು ತೀರ್ಮಾನಿಸಿದ್ದೀರಿ. ಹತ್ತನ್ನು ಶೇ 5ರಿಂದ, ಅಂದರೆ 0.05ರಿಂದ ಭಾಗಿಸಿ: 200 ಡಾಲರ್. ಕೊಳ್ಳಬೇಕಾದದ್ದು ಅಷ್ಟೇ. ಸಾವಿರವನ್ನೂ ಒಂದೇ ಏಟಿಗೆ ಹಾಕಿದವನು ಇದೇ ಶೇ 5ಕ್ಕೆ 50 ಡಾಲರ್ ಬಿಟ್ಟು ಬರಬೇಕು. ಅಷ್ಟು ಬಿಡಲು ಮನಸ್ಸು ಬರುವುದಿಲ್ಲ, ಅದಕ್ಕೇ ಅವನು ಮಾರುವುದಿಲ್ಲ. ನನ್ನ ಗೆಳೆಯನಿಗೆ ಆದದ್ದೂ ಅದೇ.

ಲೆಕ್ಕ ಆಯಿತಲ್ವಾ, ಕೊಂಡ ತಕ್ಷಣ ಸ್ಟಾಪ್ ಲಾಸ್ ಹಾಕಿ, ಅಂದರೆ ಬೆಲೆ ಇಷ್ಟಕ್ಕೆ ಇಳಿದರೆ ತಾನಾಗಿಯೇ ಮಾರು ಎನ್ನುವ ಆರ್ಡರ್. 'ನಾನೇ ನೋಡ್ಕೋತೀನಿ' ಅನ್ನಬೇಡಿ. ಈ ಮಾರುಕಟ್ಟೆಗೆ ರಾತ್ರಿಯಿಲ್ಲ, ಭಾನುವಾರವಿಲ್ಲ. ನೀವು ಮಲಗಿದ್ದಾಗಲೇ ಬೆಲೆ ಬೀಳುತ್ತದೆ.

ಇಲ್ಲಿ ಇನ್ನೊಂದು ಗುಂಡಿ ಇದೆ. ಸ್ಟಾಪ್ ಆರ್ಡರ್‌ನಲ್ಲಿ ಎರಡು ಬಗೆ. ಸ್ಟಾಪ್ ಮಾರ್ಕೆಟ್ ಆದರೆ ಬೆಲೆ ನಿಮ್ಮ ಗುರುತು ಮುಟ್ಟಿದ ಕೂಡಲೇ ಸಿಕ್ಕಿದ ದರಕ್ಕೆ ಮಾರಿಬಿಡುತ್ತದೆ. ಸ್ಟಾಪ್ ಲಿಮಿಟ್ ಆದರೆ ನೀವು ಹೇಳಿದ ಕನಿಷ್ಠ ದರಕ್ಕಿಂತ ಕೆಳಗೆ ಮಾರುವುದಿಲ್ಲ. ಕೇಳಲು ಎರಡನೆಯದೇ ಚೆನ್ನ. ಆದರೆ 95ಕ್ಕೆ ಸ್ಟಾಪ್, 94.9ಕ್ಕೆ ಲಿಮಿಟ್ ಹಾಕಿರುವಾಗ ಬೆಲೆ ಒಂದೇ ಜಿಗಿತದಲ್ಲಿ 93ಕ್ಕೆ ಬಿದ್ದರೆ ನಿಮ್ಮ ಆರ್ಡರ್ ಮೇಲೆಯೇ ನೇತಾಡುತ್ತಿರುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಕಾಯಿನ್ ಇನ್ನೂ ನಿಮ್ಮ ಹತ್ತಿರವೇ ಇದೆ, ಬೆಲೆ 80. ಸ್ಟಾಪ್ ಮಾರ್ಕೆಟ್ ಹಾಕಿ. ಸ್ವಲ್ಪ ಜಾಸ್ತಿ ಹೋದರೂ ಹೊರಗಂತೂ ಬರುತ್ತೀರಿ.

ಸ್ಟಾಪ್ ಹಾಕಿದ ಮೇಲೆ ಅದನ್ನು ಕೆಳಗೆ ಸರಿಸಬೇಡಿ. ಲಾಭ ಬಂದರೆ ಮೇಲಕ್ಕೆ ಸರಿಸಬಹುದು, ಕೆಳಕ್ಕೆ ಮಾತ್ರ ಕೂಡದು.

ಹಂತ 5: ಶುಲ್ಕ ಲೆಕ್ಕ ಹಾಕಿ

ಎಕ್ಸ್‌ಚೇಂಜ್ ಶುಲ್ಕ ಕೊಳ್ಳುವಾಗ ಶೇ 0.1, ಮಾರುವಾಗ ಶೇ 0.1 ಎಂದುಕೊಳ್ಳಿ. ಏನೂ ಅಲ್ಲ ಅನಿಸುತ್ತದೆ. ಇಡೀ ಗಂಟನ್ನು ದಿನಕ್ಕೊಮ್ಮೆ ಹಾಕಿ ತೆಗೆಯುತ್ತಾ ಹೋದರೆ, ಒಂದು ಪೈಸೆ ಲಾಭವೂ ಇಲ್ಲ ನಷ್ಟವೂ ಇಲ್ಲ ಎಂದುಕೊಂಡರೂ, ವರ್ಷದ ಕೊನೆಗೆ ನೂರರಲ್ಲಿ ಉಳಿಯುವುದು ಸುಮಾರು 48. ಕಡಿಮೆ ಟ್ರೇಡ್ ಮಾಡಿ.

ಲೆವರೇಜ್ (ಸಾಲದ ಬಲದಲ್ಲಿ ಕೈಯಲ್ಲಿರುವುದಕ್ಕಿಂತ ದೊಡ್ಡ ಟ್ರೇಡ್ ಮಾಡುವುದು) ಅನ್ನುವ ಅಡ್ಡದಾರಿಯನ್ನಂತೂ ಮುಟ್ಟಲೇಬೇಡಿ. ಹತ್ತು ಪಟ್ಟು ಲೆವರೇಜ್ ತೆಗೆದುಕೊಂಡರೆ ಬೆಲೆ ಶೇ 10 ಇಳಿಯುವ ಮೊದಲೇ ನೀವು ಕಟ್ಟಿದ ಅಷ್ಟೂ ಹಣ ಹೋಗಿರುತ್ತದೆ. ಬೆಲೆ ಮತ್ತೆ ಏರಿದರೂ ಅದು ನಿಮ್ಮದಲ್ಲ. ಟೆಲಿಗ್ರಾಂನಲ್ಲಿ 'ಇವತ್ತು ಇದನ್ನ ತಗೊಳ್ಳಿ' ಎನ್ನುವ ಗುಂಪುಗಳೂ ಬೇಡ. ಹೇಳುವವರು ಮೊದಲೇ ಕೊಂಡಿರುತ್ತಾರೆ, ನೀವು ಕೊಂಡಾಗ ಅವರು ಮಾರುತ್ತಾರೆ.

ಹಂತ 6: ಹೋಲ್ಡಿಂಗ್ ಗಂಟನ್ನು ಎಕ್ಸ್‌ಚೇಂಜ್‌ನಿಂದ ಹೊರಗೆ ತನ್ನಿ

2014ರಲ್ಲಿ ಮೌಂಟ್ ಗಾಕ್ಸ್ ಎಂಬ ಎಕ್ಸ್‌ಚೇಂಜ್ ಮುಳುಗಿತು, 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಮುಳುಗಿತು. ಎರಡರಲ್ಲೂ ಹೋಲ್ಡ್ ಮಾಡುತ್ತಿದ್ದವರಿದ್ದರು. ಟ್ರೇಡಿಂಗ್ ಗಂಟು ಎಕ್ಸ್‌ಚೇಂಜ್‌ನಲ್ಲೇ ಇರಬೇಕು, ಬೇರೆ ದಾರಿಯಿಲ್ಲ. ವರ್ಷಗಟ್ಟಲೆ ಇಡುವುದನ್ನು ಹಾರ್ಡ್‌ವೇರ್ ವಾಲೆಟ್‌ಗೆ (ಕ್ರಿಪ್ಟೊದ ಕೀಲಿಯನ್ನು ಕಾಯುವ ಪುಟ್ಟ ಸಾಧನ) ಹಾಕಿ. ಅದನ್ನು ತಯಾರಕರಿಂದಲೇ ನೇರವಾಗಿ ಕೊಳ್ಳಿ. ಯಾರೋ ಬಳಸಿದ್ದು ಬೇಡ, ಪೆಟ್ಟಿಗೆಯಲ್ಲಿ ಮೊದಲೇ ಗುಪ್ತ ಪದಗಳನ್ನು ಬರೆದಿಟ್ಟಿದ್ದರಂತೂ ಮೋಸ ಎಂದೇ ತಿಳಿಯಿರಿ.

ವಾಲೆಟ್ ಕೆಟ್ಟರೂ ಹಣ ಮರಳಿ ಪಡೆಯಲು ಬೇಕಾದ ಗುಪ್ತ ಪದಗಳನ್ನು, ಸಾಮಾನ್ಯವಾಗಿ 12 ಅಥವಾ 24, ಅದೇ ನಿಮಗೆ ಕೊಡುತ್ತದೆ. ಪೆನ್ನಿನಲ್ಲಿ, ಕಾಗದದ ಮೇಲೆ, ಅದೇ ಕ್ರಮದಲ್ಲಿ, ಎರಡು ಪ್ರತಿ. ಫೋಟೊ ತೆಗೆಯಬೇಡಿ, ಮೇಲ್‌ನಲ್ಲಿ ಇಡಬೇಡಿ. ಈ ಪದಗಳು ಸಿಕ್ಕವರಿಗೆ ಹಣ ಸಿಕ್ಕಂತೆ.

ಬರೆದು ಎತ್ತಿಟ್ಟರೆ ಸಾಕು ಅಂದುಕೊಂಡು ಜನ ಅಲ್ಲಿಗೇ ಬಿಡುತ್ತಾರೆ. ಬಿಡಬೇಡಿ. ಮೊದಲು ಒಂದು ಚಿಕ್ಕ ಮೊತ್ತ ಮಾತ್ರ ಕಳಿಸಿ. ಕಳಿಸುವಾಗ ನೆಟ್‌ವರ್ಕ್ (ಕಾಯಿನ್ ಸಾಗುವ ಬ್ಲಾಕ್‌ಚೈನ್) ಸರಿಯಾದದ್ದನ್ನೇ ಆರಿಸಿದ್ದೀರಾ ನೋಡಿ, ವಿಳಾಸದ ಮೊದಲಿನ, ನಡುವಿನ, ಕೊನೆಯ ಅಕ್ಷರಗಳನ್ನು ವಾಲೆಟ್‌ನ ಪರದೆಯ ಜೊತೆ ಹೋಲಿಸಿ. ಕಾಪಿ ಮಾಡಿದ ವಿಳಾಸವನ್ನು ಪೇಸ್ಟ್ ಮಾಡುವಾಗ ಬದಲಿಸಿಬಿಡುವ ವೈರಸ್‌ಗಳಿವೆ. ಹಣ ಬಂದ ಮೇಲೆ ವಾಲೆಟ್ ಅನ್ನು ಪೂರ್ತಿ ಅಳಿಸಿ, ಹೌದು, ಹೊಸದರಂತೆ ರೀಸೆಟ್ ಮಾಡಿ. ಈಗ ಕಾಗದ ನೋಡಿಕೊಂಡು ಪದಗಳನ್ನು ಒಂದೊಂದಾಗಿ ವಾಲೆಟ್‌ನಲ್ಲೇ ತುಂಬಿಸಿ. ಆ ಚಿಕ್ಕ ಮೊತ್ತ ಮತ್ತೆ ಕಾಣಿಸಿದರೆ ನೀವು ಬರೆದದ್ದು ಸರಿ. ಕಾಣಿಸದಿದ್ದರೆ ಯಾವುದೋ ಪದ ತಪ್ಪಾಗಿದೆ, ಆ ಕಾಗದ ಹರಿದುಹಾಕಿ ಹೊಸ ಪದಗಳೊಂದಿಗೆ ಮೊದಲಿಂದ ಶುರು ಮಾಡಿ. ಉಳಿದ ಹಣವನ್ನು ಕಳಿಸುವುದು ಇದಾದ ಮೇಲೆ.