ಗುಳೆ ಹೋದವರನ್ನೂ ಬಿಡದ ಫಾಲೋ-ಅಪ್: ನನ್ನ ಅನುಭವ

ತಲೆಬುರುಡೆಗೆ ತೂತು ಕೊರೆದು ಒಳಗೆ ಕಟ್ಟಿದ ರಕ್ತ ತೆಗೆಯುವ ಬರ್ ಹೋಲ್ ಆಪರೇಷನ್ ಆಗಿ ಆರು ತಿಂಗಳಿಗೆ ರೋಗಿಯ ಬುದ್ಧಿ, ನೆನಪು ಹೇಗಿದೆ ಅಂತ ರಾಯಚೂರಿನಲ್ಲಿ ಲೆಕ್ಕ ಇಡೋದು ಆಗದ ಕೆಲಸ ಅಂತಲೇ ಎಲ್ಲರೂ ಹೇಳಿದ್ದರು. "ಹೊಲಿಗೆ ಬಿಚ್ಚಿದ ಮ್ಯಾಲೆ ನಿಮ್ಮ ಪೇಷಂಟ್ ಬೆಂಗ್ಳೂರಾಗ ಇರ್ತಾನೋ ಪುಣೇದಾಗ ಇರ್ತಾನೋ, ಯಾರು ಹುಡುಕ್ತಾರ್ರೀ ಡಾಕ್ಟ್ರೇ?" ಅಂತ ಹಿರಿಯರೊಬ್ಬರು ಮೀಟಿಂಗಿನಲ್ಲೇ ನಕ್ಕರು. ಮೊದಲ ವರ್ಷ ಅವರ ಮಾತೇ ನಿಜವಾಯಿತು, ಅರ್ಧ ಜನವೂ ಸಿಗಲಿಲ್ಲ. ಈಗ ಹತ್ತರಲ್ಲಿ ಎಂಟು ಜನ ಸಿಗುತ್ತಾರೆ.

ನಾನು ಮನೋವೈದ್ಯ. ಕ್ರಾನಿಕ್ ಸಬ್‌ಡ್ಯೂರಲ್, ಅಂದರೆ ಮೆದುಳಿನ ಹೊರಪೊರೆಯ ಕೆಳಗೆ ನಿಧಾನವಾಗಿ ಕಟ್ಟುವ ರಕ್ತ, ನನ್ನ ಹತ್ತಿರ ಬರೋದೇ ಬೇರೆ ಹೆಸರಿನಲ್ಲಿ. ದೇವದುರ್ಗ ಕಡೆಯ ಒಬ್ಬ ಅಜ್ಜ ರಾತ್ರಿಯೆಲ್ಲ ಎದ್ದು "ಎತ್ತು ಹರಕೊಂಡು ಹೋದುವು" ಅಂತ ಕೂಗುತ್ತಿದ್ದರು. ಮಗನ ಗುರುತೇ ಹತ್ತುತ್ತಿರಲಿಲ್ಲ. ಮನೆಯವರು ಗಾಳಿ ಸೋಕಿದೆ ಅಂತ ತಾಯಿತ ಕಟ್ಟಿಸಿದ್ದರು. ತಿಂಗಳ ಹಿಂದೆ ಬದುವಿನ ಮೇಲೆ ಜಾರಿ ಬಿದ್ದದ್ದು ಸೊಸೆಗೆ ಮಾತ್ರ ನೆನಪಿತ್ತು. ಸಿಟಿ ಸ್ಕ್ಯಾನ್‌ನಲ್ಲಿ ಎಡಗಡೆ ಕಟ್ಟಿದ ರಕ್ತದ ದಪ್ಪ ಅರ್ಧಚಂದ್ರ. ತೂತು ಕೊರೆದಾಗ ಸುಟ್ಟ ಎಂಜಿನ್ ಆಯಿಲ್‌ನಂಥದ್ದು ಚಿಮ್ಮಿತು. ಎರಡು-ಮೂರು ದಿನಕ್ಕೆ ಅಜ್ಜ ಮಗನನ್ನು ಕರೆದು ಜೋಳದ ರೇಟು ಕೇಳಿದರು. ಸರ್ಜನ್ ಪಾಲಿಗೆ ಕೇಸು ಅಲ್ಲಿಗೆ ಮುಗಿಯಿತು. ನನ್ನ ಪ್ರಶ್ನೆ ಅಲ್ಲಿಂದ ಶುರು.

ಮರು ಆಪರೇಷನ್ ಎಷ್ಟು ಅಂತ ಎಣಿಸಿದರೆ ಸಾಲದು. 2020ರ ಬ್ರಿಟಿಷ್ ಡೆಕ್ಸಾ (ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡ್) ಟ್ರಯಲ್ ನೋಡಿ. ಡೆಕ್ಸಾ ಕೊಟ್ಟವರಲ್ಲಿ ಮರು ಆಪರೇಷನ್ ಕಮ್ಮಿ. ಆದರೆ ಆರು ತಿಂಗಳಿಗೆ ಚೆನ್ನಾಗಿದ್ದವರು ಅವರಲ್ಲಿ ಶೇ 84ರಷ್ಟು, ಕೊಡದವರಲ್ಲಿ ಶೇ 90ರಷ್ಟು. ಡೆಕ್ಸಾದಿಂದ ಬುದ್ಧಿ ಕೆಡುವ ಸೈಕೋಸಿಸ್ ನೋಡಿ ನೋಡಿ ನನಗೆ ಆ ಔಷಧಿ ಮೇಲೆ ಮೊದಲೇ ಸಿಟ್ಟಿತ್ತು, ಅದು ಬೇರೆ ಮಾತು. ಆಪರೇಷನ್ ಆದಮೇಲೆ ಉಳಿದ ರಕ್ತ ಹರಿದುಹೋಗಲು ಇಡುವ ನಳಿಕೆ, ಡ್ರೈನ್ ವಿಷಯದಲ್ಲಿ ಮಾತ್ರ ತಕರಾರಿಲ್ಲ. 2009ರ ಕೇಂಬ್ರಿಜ್ ಟ್ರಯಲ್‌ನಲ್ಲಿ ಡ್ರೈನ್ ಇಟ್ಟವರಲ್ಲಿ ಮತ್ತೆ ತುಂಬಿದ್ದು ಶೇ 9, ಇಡದವರಲ್ಲಿ ಶೇ 24. ನಮ್ಮ ಸರ್ಜನ್ ಮಕ್ಕಳ ಫೀಡಿಂಗ್ ಟ್ಯೂಬನ್ನೇ ಡ್ರೈನ್ ಮಾಡುತ್ತಾರೆ. ಖರ್ಚು ನೂರು ರೂಪಾಯಿಯೊಳಗೆ.

ಮೊದಲು ಕೈಕೊಟ್ಟದ್ದು ಎಂಎಂಎಸ್‌ಇ, ಬುದ್ಧಿ-ನೆನಪು ಅಳೆಯುವ ಮಾಮೂಲಿ ಪರೀಕ್ಷೆ. ಹೆಬ್ಬೆಟ್ಟೊತ್ತುವ ರೈತನಿಗೆ ವಾಕ್ಯ ಬರಿ, ಐದು ಮೂಲೆಯ ಚಿತ್ರ ಬಿಡಿಸು ಅಂದರೆ ಆಪರೇಷನ್‌ಗೆ ಮುಂಚೆಯೂ ಸೊನ್ನೆ, ಆಮೇಲೂ ಸೊನ್ನೆ. ಓದು ಬಾರದವರಿಗೆಂದೇ ಹರಿಯಾಣದ ಬಲ್ಲಬಗಢದಲ್ಲಿ ಮಾಡಿದ ಹಿಂದಿ ಪರೀಕ್ಷೆಯ ದಾರಿ ಹಿಡಿದೆವು. ವಾರದ ಹೆಸರು ಹಿಂದಿನಿಂದ ಹೇಳಿಸಿದೆವು. ಗಡಿ ಕಡೆಯವರು ಸೋಮವಾರದವರೆಗೆ ಕನ್ನಡದಲ್ಲಿ ಬಂದು ಆದಿವಾರಕ್ಕೆ ತೆಲುಗಿಗೆ ಜಾರುತ್ತಾರೆ. ಅದಕ್ಕೂ ಮಾರ್ಕು ಕೊಟ್ಟೆವು. ನೆನಪಿಟ್ಟು ಹೇಳಿ ಅಂತ ಅದೇ ಮೂರು ಪದ ಪ್ರತಿ ಸಲ ಕೊಟ್ಟರೆ ಬಾಯಿಪಾಠ ಆಗುತ್ತೆ, ಹಾಗಾಗಿ ನಾಲ್ಕು ಪಟ್ಟಿ ಇಟ್ಟಿದ್ದೇವೆ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಕಣ್ಣು ಮುಚ್ಚಿಸಿ ಅಂಗೈಗೆ ಜೋಳ, ಸಜ್ಜೆ, ತೊಗರಿ, ಕಡ್ಲೆ ಹಾಕಿ ಯಾವುದು ಅಂತ ಕೇಳೋದು. ಮಗನ ಹೆಸರು ಮರೆತವರೂ ಸಜ್ಜೆ ತಪ್ಪಲಿಲ್ಲ! ಅಳತೆಗೆ ಪ್ರಯೋಜನವಿಲ್ಲ. ಸುಮ್ನೆ ಮಾತಿಗೆಳೆಯೋಕೆ ಉಳಿಸಿಕೊಂಡಿದ್ದೇನೆ.

ಇನ್ನು ದುಡ್ಡು. ಅನುದಾನಕ್ಕೆ ಬರೆದೆ, ಒಂದು ಕಡೆಯಿಂದ "ಸ್ಯಾಂಪಲ್ ಚಿಕ್ಕದು" ಅಂತ ವಾಪಸ್ ಬಂತು, ಇನ್ನೊಂದು ಕಡೆಯಿಂದ ಉತ್ತರವೇ ಇಲ್ಲ. ಪ್ರತಿಯೊಬ್ಬರಿಗೂ ಮರು ಸಿಟಿ ಅಂತ ಪ್ಲಾನ್ ಇತ್ತು, ತಲೆಗೆ ಎರಡು ಸಾವಿರದ ಆಸುಪಾಸು. 2019ರಲ್ಲಿ ಸ್ವಿಟ್ಜರ್ಲೆಂಡಿನ ಟ್ರಯಲ್ ಬಂತು, ಲಕ್ಷಣ ಇಲ್ಲದವರಿಗೆ ರೂಢಿಗೆಂದು ಸಿಟಿ ಮಾಡಿಸಿದ್ದರಿಂದ ಲಾಭ ಕಾಣಲಿಲ್ಲ ಅಂತ. ಅದನ್ನೇ ತೋರಿಸಿ ಎಥಿಕ್ಸ್ ಕಮಿಟಿಯಲ್ಲಿ ಪ್ಲಾನ್ ಬದಲಿಸಿ, ಉಳಿದ ದುಡ್ಡನ್ನು ಬಸ್ ಚಾರ್ಜಿಗೆ ತಿರುಗಿಸಿದೆ. ಸಾಲದ್ದು ನನ್ನ ಜೇಬಿನಿಂದಲೇ ಹೋಯಿತು. ವರ್ಷಕ್ಕೆ ಮೂವತ್ತು-ನಲವತ್ತು ಸಾವಿರ ಆಗಿರಬಹುದು, ಮನೆಯಲ್ಲಿ ಕೇಳಬೇಡಿ.

ಬಸ್ ಚಾರ್ಜು ಕೊಟ್ಟರೂ ಗುಳೆ ಹೋದವರು ಬರಲಿಲ್ಲ. ರೋಗಿಯ ನಂಬರು ಮೂರು ತಿಂಗಳಿಗೆ ಬದಲಾಗುತ್ತೆ. ಮೇಸ್ತ್ರಿ ನಂಬರು ಬದಲಾಗಲ್ಲ! ಡಿಸ್ಚಾರ್ಜ್ ದಿನವೇ ಮನೆಯವರ ಒಪ್ಪಿಗೆ ಪಡೆದು ಮೇಸ್ತ್ರಿಯ ನಂಬರು, ಊರಲ್ಲೇ ಉಳಿಯುವ ಒಬ್ಬ ಹೆಣ್ಣುಮಗಳ ನಂಬರು ಬರೆದುಕೊಳ್ಳುತ್ತೇವೆ. ಮೇಸ್ತ್ರಿಗೆ ಕಾಯಿಲೆ ವಿಷಯ ತಿಳಿಸಲ್ಲ, "ಮನೆಯವರು ಫೋನ್ ಮಾಡಲಿ" ಅಂತ ಮಾತ್ರ. ಭೇಟಿಯ ತಾರೀಕನ್ನು ಜಾತ್ರೆ, ಮೊಹರಂ, ಎಳ್ಳಮಾವಾಸ್ಯೆ ನೋಡಿ ಇಡುತ್ತೇವೆ. ಊರಿಗೆ ಹೇಗೂ ಬರುತ್ತಾರಲ್ವಾ?

ಬರದವರ ಮನೆಯವರಿಗೆ ಫೋನಿನಲ್ಲೇ ಐಕ್ಯೂಕೋಡ್‌ನ 16 ಪ್ರಶ್ನೆ. ರೋಗಿಯ ನೆನಪು, ಬುದ್ಧಿ ಹತ್ತು ವರ್ಷದ ಹಿಂದಿಗಿಂತ ಈಗ ಹೇಗಿದೆ ಅಂತ ಹತ್ತಿರದವರನ್ನು ಕೇಳುವ ಪಟ್ಟಿ ಅದು. "ಹತ್ತು ವರ್ಷದ ಹಿಂದೆ" ಅನ್ನೋ ಕಡೆ "ಬೀಳೋಕೆ ಮುಂಚೆ" ಅಂತ ಹಾಕಿದ್ದೇವೆ, ಹಾಗಾಗಿ ಈ ಅಂಕಗಳನ್ನು ಬೇರೆಯವರ ಅಂಕಗಳ ಜೊತೆ ಹೋಲಿಸಬೇಡಿ. ಕೇಳೋದು ಬೇರೆ ವಾರ್ಡಿನ ಸಿಸ್ಟರ್. ಆಪರೇಷನ್ ಮುಂಚಿನ ಅಂಕ ಅವರಿಗೆ ಗೊತ್ತಿರಲ್ಲ. ಬ್ಯಾಂಕ್ ಮೋಸದ ಕಾಲ್ ಅಂತ ಜನ ಕಟ್ ಮಾಡದ ಹಾಗೆ ಮೊದಲ ಮಾತು ಏನು ಆಡಬೇಕು ಅಂತ ಅವರು ಪಳಗಿಸಿಕೊಂಡಿದ್ದಾರೆ. ಅದನ್ನು ನಮ್ಮ ಸಂಶೋಧನಾ ಪೇಪರ್ ಬರೋವರೆಗೆ ಹೇಳಲ್ಲ. ಫಾರಂ ಬೇಕಾದವರು ಧಾರಾಳವಾಗಿ ಕೇಳಿ. ಸೊಂಟದ ಮೂಳೆ ಮುರಿದ (ಹಿಪ್ ಫ್ರ್ಯಾಕ್ಚರ್) ನಂತರ ಬರುವ ಡೆಲಿರಿಯಂಗೂ, ಅಂದರೆ ದಿಢೀರ್ ಬುದ್ಧಿಭ್ರಮೆಗೂ, ಇದನ್ನೇ ಹಚ್ಚಿ ನೋಡೋಣ ಅಂದಿದ್ದೇನೆ, ಆರ್ಥೋದವರು ಇನ್ನೂ ತಲೆ ಕೆರೆದುಕೊಳ್ಳುತ್ತಿದ್ದಾರೆ.